ಹೆಚ್ಚಾದ ಸದಸ್ಯರು

ಬೆಲ್ಲದ ಬಾಗೇವಾಡಿಯ ಕಾಶೆವ್ವನ ಮನೆಯಲ್ಲಿ ಯಾವುದೂ ಖಾಲಿಯಾಗುವುದಿಲ್ಲ. ಉಪ್ಪಿನ ಡಬ್ಬಿಯ ತಳ ಕಂಡರೆ ಅವಳು ‘ಉಪ್ಪು ಹೆಚ್ಚಾಗೈತಿ’ ಎನ್ನುತ್ತಾಳೆ. ಕುಂಕುಮ ತೀರಿದರೆ ಕುಂಕುಮ ಹೆಚ್ಚಾಯಿತು, ಬಳೆ ಒಡೆದರೆ ಬಳೆ ಹೆಚ್ಚಾಯಿತು. ಇಷ್ಟರ ಮಟ್ಟಿಗೆ ಈ ಕಡೆಯ ಹೆಂಗಸರೆಲ್ಲರೂ ಹೀಗೇ ಅನ್ನುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ಕಾಶೆವ್ವ ಮಾತ್ರ ಅಲ್ಲಿಗೆ ನಿಲ್ಲಿಸಿದವಳಲ್ಲ. ಅವಳ ಮನೆಯಲ್ಲಿ ಗ್ಯಾಸು ಹೆಚ್ಚಾಗುತ್ತಿತ್ತು, ಫೋನಿನ ಚಾರ್ಜು ಹೆಚ್ಚಾಗುತ್ತಿತ್ತು. ಹಿಡಕಲ್ ಹಿನ್ನೀರಿನ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಗಂಡ ಸಿದ್ರಾಯ ಒಮ್ಮೆ ಫೋನು ಮಾಡಿ ಎರಡು ಕುರಿ ಸತ್ತ ಸುದ್ದಿ ಹೇಳಿದ. ಕಾಶೆವ್ವ ಅಂಗಳಕ್ಕೆ ಬಂದು “ಎರಡು ಕುರಿ ಹೆಚ್ಚಾದವಂತ” ಎಂದಳು. ಬಾಜೂ ಮನೆಯವರು ಮರಿ ಹಾಕಿದವೆಂದುಕೊಂಡು, ಗಿಣ್ಣದ ಹಾಲು ಬೇಕೆಂದು ತಂಬಿಗೆ ಕಳಿಸಿದರು.

“ಇಲ್ಲ ಇಲ್ಲ ಅಂದ ಮನ್ಯಾಗ ಖರೇನ ಇಲ್ಲದಂಗ ಆಗ್ತೈತಿ” ಎಂಬುದು ಅವಳ ವಾದ. ಇದಕ್ಕೆ ಎದುರುವಾದ ಹೂಡಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಇಂಥ ಮನೆಯಲ್ಲಿ ಬೆಳೆದ ಹುಡುಗಿ ಕೆಂಪವ್ವ. ಅಜ್ಜಿಯ ಹೆಸರು. ಗೋಕಾಕದ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ. ಹಾಜರಿ ಕೂಗುವಾಗ ಸ್ನೇಹಾ, ಐಶ್ವರ್ಯಾ, ದಾನೇಶ್ವರಿ ಎಂದೆಲ್ಲ ಬಂದು ಕೊನೆಗೆ ಕೆಂಪವ್ವ ಎಂದಾಗ, ಹೊಸ ಮೇಷ್ಟ್ರುಗಳು ತಲೆಯೆತ್ತಿ ಅರವತ್ತು ವರ್ಷದ ಹೆಣ್ಣುಮಗಳೊಬ್ಬಳನ್ನು ಹುಡುಕುತ್ತಿದ್ದರು. ಅವಳು ಎದ್ದು ನಿಂತು “ಎಸ್ ಸರ್” ಎಂದು ಕೂರುತ್ತಿದ್ದಳು. ದಿನಕ್ಕೆ ನಾಲ್ಕು ತರಗತಿ, ನಾಲ್ಕು ಎಸ್ ಸರ್. ಕಾಲೇಜಿನಲ್ಲಿ ಅವಳು ಆಡುವ ಮಾತು ಅಷ್ಟೇ ಆಗಿತ್ತು. ಮನೆಯಲ್ಲಿ ಅಷ್ಟೂ ಇರಲಿಲ್ಲ. ಅಲ್ಲಿ ಅವಳನ್ನು ಯಾರಾದರೂ ಏನಾದರೂ ಕೇಳಿದರೆ ಅದು ರೊಟ್ಟಿ ಆಯಿತೇ ಎಂದು.

ಮೊದಲ ವರ್ಷ ಕಾಲೇಜಿನ ನೀಲಿ ಬೋರ್ಡಿನ ಮೇಲೆ ಹನ್ನೊಂದು ಸಂಘಗಳ ಹೆಸರು ಬರೆದಿದ್ದರು. ಎನ್ನೆಸ್ಸೆಸ್ಸು, ರೆಡ್ ಕ್ರಾಸು, ಪರಿಸರ ಸಂಘ, ಹೀಗೆ. ಪ್ರತಿಯೊಬ್ಬರೂ ಒಂದಕ್ಕೆ ಸೇರಲೇಬೇಕೆಂದು ಹುಕುಂ. ಬೇರೆ ಸಂಘಗಳೆಲ್ಲ ಭರ್ತಿಯಾಗಿ ಕೆಂಪವ್ವನ ಪಾಲಿಗೆ ಉಳಿದದ್ದು ಚರ್ಚಾಕೂಟ. ಮಾತೇ ಆಡದವಳು ಮಾತಿನ ಸಂಘಕ್ಕೆ ಸೇರಿದಳೆಂದು ಗೆಳತಿ ದಾನೇಶ್ವರಿ ಒಂದು ವಾರ ನಕ್ಕಳು, ಆಮೇಲೆ ಪಾಪ ಎನ್ನಿಸಿ ತಾನೂ ಸೇರಿದಳು.

ಮೊದಲ ಚರ್ಚೆಯ ವಿಷಯ, ಮೊಬೈಲಿನಿಂದ ಲಾಭವೋ ನಷ್ಟವೋ. ಕರ್ನಾಟಕದ ಯಾವ ಕಾಲೇಜಿನಲ್ಲೂ ಮೊದಲ ಚರ್ಚೆಗೆ ಬೇರೆ ವಿಷಯ ಇದ್ದಂತಿಲ್ಲ. ಲಾಭದ ಪರ ಮಾತಾಡಬೇಕಾದ ಹುಡುಗ ಬರಲಿಲ್ಲವೆಂದು ಕೆಂಪವ್ವನನ್ನು ಎಬ್ಬಿಸಿ ನಿಲ್ಲಿಸಿದರು. ಅವಳು, ನಾಯಿಯೊಂದರ ಕಾಟಕ್ಕೆ ಚದುರಿದ ಹಿಂಡನ್ನು ಅಪ್ಪ ಫೋನಿನಲ್ಲೇ ಮೂರು ಊರಿನವರನ್ನು ಎಬ್ಬಿಸಿ ಒಟ್ಟುಗೂಡಿಸಿದ ಕಥೆ ಹೇಳಿದಳು. ಐದು ನಿಮಿಷ ಕೊಟ್ಟಿದ್ದರು, ಹನ್ನೊಂದು ನಿಮಿಷ ಮಾತಾಡಿದಳು. ಕೂತವರು ಬಾಯಿ ಮುಚ್ಚಿಕೊಂಡು ಕೇಳಿದರು, ಒಬ್ಬ ಹುಡುಗ ಪ್ರಶ್ನೆ ಕೂಡ ಕೇಳಿದ. ತಾನು ಹೇಳಿದ್ದನ್ನು ಕೇಳಿ ಇನ್ನೊಬ್ಬರಿಗೆ ಪ್ರಶ್ನೆ ಹುಟ್ಟಬಹುದೆಂದು ಕೆಂಪವ್ವನಿಗೆ ಆವತ್ತೇ ಗೊತ್ತಾದದ್ದು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಬಸ್ಸು ತಪ್ಪಿದ್ದು ಬಸ್‌ಸ್ಟ್ಯಾಂಡಿಗೆ ಬಂದು ಅರ್ಧ ಗಂಟೆಯಾದ ಮೇಲೆ ತಿಳಿಯಿತು.

ಬಸ್ಸಿನ ವಿಷಯ ಇಲ್ಲಿ ಹೇಳಿಬಿಡಬೇಕು. ಗೋಕಾಕದಿಂದ ಘಟಪ್ರಭಾ, ಬಾಗೇವಾಡಿ ಮೇಲೆ ಹುಕ್ಕೇರಿಗೆ ಹೋಗುವ ಬಸ್ಸು ಮೂರು ಗಂಟೆಗೆ. ಅದು ತಪ್ಪಿದರೆ ಮುಂದಿನದು ಐದೂವರೆಗೆ. ಕಾಲೇಜಿನ ಮುಕ್ಕಾಲು ಮಕ್ಕಳು ಆ ಬಸ್ಸಿನವರು. ಚರ್ಚಾಕೂಟ ಸೇರುವುದು ಗುರುವಾರ ಮೂರು ಗಂಟೆಗೆ. ಈ ವೇಳೆಯನ್ನು ಗೊತ್ತುಮಾಡಿದ ಪುಣ್ಯಾತ್ಮರು ಯಾರೋ, ಅವರಿಗೆ ಸ್ವಂತ ಮೋಟರ್‌ಸೈಕಲ್ಲು ಇದ್ದಿರಬೇಕು.

ಆ ದಿನ ತಡವಾಗಿ ಮನೆಗೆ ಬಂದ ಮಗಳನ್ನು ಕಾಶೆವ್ವ ಹೊಸ್ತಿಲಲ್ಲೇ ಹಿಡಿದಳು. “ಮಾತಾಡೋದು ಕಲಿಯಾಕ ಗೋಕಾಕಕ್ಕ ಹೋಗಬೇಕೇನ? ನಾ ಯಾವ ಸಾಲಿಗಿ ಹೋಗಿ ಕಲ್ತೇನಿ?” ಎಂದು ಶುರುಮಾಡಿದವಳು, ಊಟಕ್ಕೆ ಕೂರುವವರೆಗೂ ಅದಕ್ಕೆ ಸಾಕ್ಷಿ ಒದಗಿಸಿದಳು. ಕೆಂಪವ್ವ ಎಲ್ಲಕ್ಕೂ ಹೂಂ ಎಂದು, ಮುಂದಿನ ಗುರುವಾರ ಮತ್ತೆ ಐದೂವರೆಯ ಬಸ್ಸಿಗೆ ಬಂದಳು. ಉಳಿದವರಿಗೆ ಆ ಹಟ ಇರಲಿಲ್ಲ. ಮೂವತ್ತು ಜನರಿದ್ದ ಕೂಟ ದೀಪಾವಳಿಗೆ ಹದಿನೈದಾಯಿತು, ಸಂಕ್ರಾಂತಿಗೆ ಆರಾಯಿತು. ಎರಡನೇ ವರ್ಷ ಅವಳನ್ನು ಕಾರ್ಯದರ್ಶಿ ಮಾಡಿದರು. ಮಾಡಿದರು ಎಂದರೆ, ಕೋಣೆಯ ಬೀಗದ ಕೈ ಅವಳ ಹತ್ತಿರ ಉಳಿಯಿತು. ದಾನೇಶ್ವರಿಯೂ ಮೂರು ಗಂಟೆಯ ಬಸ್ಸು ಹತ್ತತೊಡಗಿದ ಮೇಲೆ ಕೂಟದಲ್ಲಿ ಕಾರ್ಯದರ್ಶಿಯೊಬ್ಬಳೇ ಆದಳು. ಆದರೂ ಪ್ರತಿ ಗುರುವಾರ ಬಾಗಿಲು ತೆಗೆದು, ಬೆಂಚು ಒರೆಸಿ, ಕಾಲು ಗಂಟೆ ಕೂತು ಬೀಗ ಹಾಕುತ್ತಿದ್ದಳು.

ಜುಲೈನಲ್ಲಿ ಬಸವಲಿಂಗ ಸರ್ ಎಂಬ ಹೊಸ ಕನ್ನಡ ಅಧ್ಯಾಪಕರು ಬಂದರು. ಮೂಡಲಗಿಯವರು, ಹುರುಪಿನ ಮನುಷ್ಯ. ಚರ್ಚಾಕೂಟವನ್ನು ಅವರ ಕೊರಳಿಗೆ ಕಟ್ಟಿದರು. ಅದೇ ವಾರ ಪ್ರಾಚಾರ್ಯರು ಒಂದು ಸುತ್ತೋಲೆ ಹೊರಡಿಸಿದರು. ಹತ್ತಕ್ಕಿಂತ ಕಡಿಮೆ ಸದಸ್ಯರಿರುವ ಸಂಘಗಳನ್ನು ಮುಚ್ಚಲಾಗುವುದು, ಕೋಣೆಗಳನ್ನು ಹಳೆಯ ಉತ್ತರಪತ್ರಿಕೆ ಇಡಲು ಬಳಸಲಾಗುವುದು. ಬಸವಲಿಂಗ ಸರ್ ಸುತ್ತೋಲೆ ಹಿಡಿದು ಕಾರಿಡಾರಿನಲ್ಲಿ ಕೆಂಪವ್ವನನ್ನು ನಿಲ್ಲಿಸಿದರು.

“ನಮ್ಮ ಕೂಟದಾಗ ಹತ್ತು ಮಂದಿ ಆಗ್ತಾರೇನವಾ?”

ಯಾರೂ ಇಲ್ಲ ಸರ್ ಎಂದು ಹೇಳಬೇಕಿತ್ತು. ಆದರೆ ಇಡೀ ಕಾಲೇಜಿನಲ್ಲಿ ಅವಳು ತನ್ನದು ಎಂದುಕೊಂಡ ಜಾಗ ಆ ಕೋಣೆಯೊಂದೇ. ಅದರ ಬಗ್ಗೆ ಇಲ್ಲ ಎಂದುಬಿಟ್ಟರೆ ಖರೇನ ಇಲ್ಲದಂತಾಗುತ್ತದೆ ಎಂಬ ಹೆದರಿಕೆ ಬಂತು. ಅವ್ವನ ಮಾತೇ ನಾಲಗೆಗೆ ಸಿಕ್ಕಿತು.

“ಮಂದಿ ಹೆಚ್ಚಾಗ್ಯಾರ್ರಿ ಸರ್.”

ಸರ್ ಮುಖ ಅರಳಿತು. “ಶಾಬ್ಬಾಸ್!” ಎಂದು ಸೀದಾ ಪ್ರಾಚಾರ್ಯರ ಕೋಣೆಗೆ ನಡೆದರು.

ಎರಡು ದಿನದಲ್ಲಿ ನೋಟಿಸು ಬಿತ್ತು. ಗುರುವಾರ ಮಧ್ಯಾಹ್ನ ಎರಡೂವರೆಗೆ ಸಭಾಭವನದಲ್ಲಿ ಚರ್ಚಾಕೂಟದ ಉದ್ಘಾಟನೆ. ಮುಖ್ಯ ಅತಿಥಿ, ಬೆಲ್ಲದ ಬಾಗೇವಾಡಿಯ ನಿವೃತ್ತ ಹೆಡ್‌ಮಾಸ್ತರ ಸೋಮಪ್ಪನವರು. ಕೆಂಪವ್ವ ನಿಜ ಹೇಳಲು ಮೂರು ಸಲ ಸರ್ ಹತ್ತಿರ ಹೋದಳು. ಮೊದಲ ಸಲ ಅವರು ಹಾರದ ಬಗ್ಗೆ ಕೇಳಿದರು, ಎರಡನೆಯ ಸಲ ನೂರು ಕುರ್ಚಿ ಸಾಕೇ ಎಂದು ಕೇಳಿದರು. ಮೂರನೆಯ ಸಲ ಅವರು ಭಾಷಣ ಬಾಯಿಪಾಠ ಮಾಡುತ್ತಿದ್ದುದನ್ನು ಕಿಟಕಿಯಿಂದ ನೋಡಿ ಅವಳೇ ತಿರುಗಿ ಬಂದಳು. ಆಮೇಲೆ ತರಗತಿಯಿಂದ ತರಗತಿಗೆ ಹೋಗಿ ಕಂಡಕಂಡವರನ್ನು ಕರೆದಳು. ಎಲ್ಲರೂ ಬರ್ತೇವಿ ಎಂದರು. ನಮ್ಮ ಕಡೆ ಬರುವುದಿಲ್ಲ ಎಂದು ಯಾರೂ ಯಾರಿಗೂ ಹೇಳುವುದಿಲ್ಲ.

ಗುರುವಾರ ಸಭಾಭವನದಲ್ಲಿ ನೂರು ಕುರ್ಚಿ, ಆರು ಜನ. ಪ್ರಾಚಾರ್ಯರು, ಬಸವಲಿಂಗ ಸರ್, ಕೊರಳಲ್ಲಿ ಸೇವಂತಿಗೆ ಹಾರದ ಸೋಮಪ್ಪನವರು, ಕುರ್ಚಿ ಹಾಕಿ ದಣಿದು ಒಂದರ ಮೇಲೆ ತಾನೇ ಕೂತ ಜವಾನ ರಾಜಪ್ಪ, ಕೆಂಪವ್ವ, ಮತ್ತು ಬಾಗಿಲ ಹತ್ತಿರ ಬ್ಯಾಗು ಹೆಗಲಿಗೇರಿಸಿ ನಿಂತಿದ್ದ ದಾನೇಶ್ವರಿ. ಹತ್ತು ನಿಮಿಷ ಕಾದರು. ಪ್ರಾಚಾರ್ಯರು ಬಸವಲಿಂಗ ಸರ್ ಕಡೆ ನೋಡಿದರು, ಬಸವಲಿಂಗ ಸರ್ ಕೆಂಪವ್ವನ ಕಡೆ ನೋಡಿದರು.

“ಹೆಚ್ಚಾಗ್ಯಾರ ಅಂದಿದ್ದೆಲ್ಲಾ?”

“ಹೌದ್ರಿ ಸರ್. ಮನ್ಯಾಗ ಉಪ್ಪು ಹೆಚ್ಚಾಗೈತಿ ಅಂತೇವಲ್ರಿ, ಹಂಗ.”

“ನಮ್ಮವ್ವನೂ ಅಂತಾಳ್ರಿ” ಎಂದು ಬಸವಲಿಂಗ ಸರ್ ಪ್ರಾಚಾರ್ಯರಿಗೆ ಹೇಳಿದರು.

“ನಮ್ಮ ಮನ್ಯಾಗೂ ಅಂತಾರ. ಉಪ್ಪಿಗೆ ಅಂತಾರ. ಮಂದಿಗೆ ಯಾರಂತಾರ?” ಎಂದು ಪ್ರಾಚಾರ್ಯರು ರಿಜಿಸ್ಟರಿಗೆ ಕೈ ಚಾಚಿದರು. “ಇರ್ಲಿ, ಮುಚ್ಚಿಬಿಡ್ರಿ. ಉತ್ತರಪತ್ರಿಕೆ ಹೊರಗ ಬಿದ್ದಾವ.”

ಕೆಂಪವ್ವನ ಕಣ್ಣು ತುಂಬಿತು. ಆದರೆ ಮಾತು ನಿಲ್ಲಲಿಲ್ಲ. “ಸರ್, ಮಂದಿ ಅದಾರ್ರಿ. ಎಲ್ಲಾರೂ ಬಸ್‌ಸ್ಟ್ಯಾಂಡಿನ್ಯಾಗ ಅದಾರ. ಅವರಿಗಿ ಮಾತಾಡಾಕ ಮನಸ ಐತ್ರಿ, ಬಸ್ಸಿಗಿ ಮನಸ ಇಲ್ಲ.”

ಸೋಮಪ್ಪನವರು ಗಡಿಯಾರ ನೋಡಿ ಎದ್ದರು. “ನಾನೂ ಅದ ಬಸ್ಸಿಗಿ ಬಂದಾವ್ರಿ. ಭಾಷಣ ಮಾಡಿದ್ರ ಬಸ್ ತಪ್ತೈತಿ, ಬಸ್ ಹಿಡದ್ರ ಭಾಷಣ ತಪ್ತೈತಿ. ಉದ್ಘಾಟನೆ ಅಲ್ಲೇ ಮಾಡಿದ್ರ ಆತಲ್ರಿ.”

ಅತಿಥಿಗೆ ಎದುರಾಡುವಂತಿಲ್ಲ. ಪ್ರಾಚಾರ್ಯರು ರಿಜಿಸ್ಟರನ್ನು ಬಸವಲಿಂಗ ಸರ್ ಕೈಗೆ ಕೊಟ್ಟು, ಈ ಹೊತ್ತು ಹತ್ತು ವಿದ್ಯಾರ್ಥಿಗಳು ಚರ್ಚೆ ಮಾಡಿ ಸಹಿ ಹಾಕಿದರೆ ಕೂಟ ಉಳಿಯುತ್ತದೆ, ಒಂದು ಕಡಿಮೆಯಾದರೂ ಮುಚ್ಚುತ್ತದೆ ಎಂದರು. ಪ್ರಾಚಾರ್ಯರನ್ನೂ ರಾಜಪ್ಪನನ್ನೂ ಬಿಟ್ಟು ಉಳಿದ ನಾಲ್ವರೂ ಬಸ್‌ಸ್ಟ್ಯಾಂಡಿಗೆ ಓಡಿದರು. ಹಾರ ಹಾಕಿಕೊಂಡ ಮುದುಕರೊಬ್ಬರು ಓಡುವುದನ್ನು ಕಂಡು ರಿಕ್ಷಾದವರು ದಾರಿ ಬಿಟ್ಟರು.

ಬಸ್ಸು ಬಂದದ್ದೇ ಸೀಟು ಹಿಡಿಯಲೆಂದು ಕಿಟಕಿಗಳಿಂದ ಕಿಸೆಯ ದಸ್ತಿ, ಟವೆಲ್ಲು, ನೋಟ್‌ಬುಕ್ಕುಗಳು ಸೀಟಿನ ಮೇಲೆ ಬಿದ್ದವು. ಸೋಮಪ್ಪನವರು ಬಾಗಿಲಿಂದ ಹತ್ತಿ, ಕಂಡ ಖಾಲಿ ಸೀಟಿನಲ್ಲಿ ಕೂತರು. ಶಿದ್ರಾಮ ಎಂಬ ಮೊದಲ ವರ್ಷದ ಹುಡುಗ ಬಂದು, “ಅಜ್ಜಾರ, ನನ್ನ ದಸ್ತಿ ಮ್ಯಾಲ ಕುಂತೀರಿ” ಎಂದ. ಅವರು ದಸ್ತಿ ತೆಗೆದು ಕೊಟ್ಟರು. ಅವನು ಕೇಳಿದ್ದು ದಸ್ತಿಯನ್ನಲ್ಲ. ಮುಂದಿನವರು ಹಿರಿಯರಿಗೆ ಸೀಟು ಬಿಡು ಎಂದರು, ಹಿಂದಿನವರು ದಸ್ತಿ ಅಂದರೆ ದಸ್ತಿ ಎಂದರು. ಕಂಡಕ್ಟರ ಕರೆಪ್ಪ ಸೀಟಿ ಊದಿದರೂ ಕೇಳಿಸಲಿಲ್ಲ.

ಕೆಂಪವ್ವ ಇಂಜಿನ್ನಿಗೆ ಬೆನ್ನು ಮಾಡಿ, ಮೇಲಿನ ಸರಳು ಹಿಡಿದು ನಿಂತಳು. “ತಡೀರಿ! ಒಬ್ಬೊಬ್ಬರ ಮಾತಾಡ್ರಿ. ಬಸ್ಸಿನ ಸೀಟು ದಸ್ತಿ ಹಾಕಿದವರದೋ, ಬಂದು ಕುಂತವರದೋ? ಇದು ವಿಷಯ. ಒಬ್ಬೊಬ್ಬರಿಗಿ ಎರಡ ನಿಮಿಷ. ಮೊದಲ ಶಿದ್ರಾಮ.”

ಅಷ್ಟು ಗಟ್ಟಿ ದನಿ ಅವಳಲ್ಲಿತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಶಿದ್ರಾಮ ಮಾತಾಡಿದ. ದಸ್ತಿ ಎಸೆಯಲು ಬಸ್ಸಿನ ಜೊತೆ ಓಡಬೇಕು, ಗುರಿ ಬೇಕು, ಅದೂ ಒಂದು ಕಷ್ಟದ ಕೆಲಸ ಎಂದ. ದಾನೇಶ್ವರಿ ಎದುರು ಮಾತಾಡಿದಳು. ಬಟ್ಟೆಗೆ ಸೀಟು ಕೊಡುವುದಾದರೆ ಬಟ್ಟೆಯೇ ಕಾಲೇಜಿಗೆ ಬರಲಿ ಎಂದಳು. ಕೈಗಳು ಎದ್ದವು. “ಅಕ್ಕಾರ, ನನಗ ಒಂದ ಚಾನ್ಸ ಕೊಡ್ರಿ.” ಸೋಮಪ್ಪನವರು ಕೂತ ಸೀಟಿನಿಂದಲೇ ತಮ್ಮ ವಿರುದ್ಧ ತಾವೇ ಒಂದು ಮಾತು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಬಸವಲಿಂಗ ಸರ್ ಜೋಲಿ ಹೊಡೆಯುತ್ತ ಸಹಿ ಹಾಕಿಸಿದರು. ಮೂಡಲಗಿಗೆ ಹೋಗಬೇಕಾದ ಮನುಷ್ಯ ಹುಕ್ಕೇರಿ ಬಸ್ಸಿನಲ್ಲಿದ್ದಾರೆಂದು ಅವರಿಗೆ ನೆನಪಾದಂತೆ ಕಾಣಲಿಲ್ಲ. ಘಟಪ್ರಭಾ ಬರುವಷ್ಟರಲ್ಲಿ ಹತ್ತೊಂಬತ್ತು ಸಹಿ ಆಗಿತ್ತು. ಸರ್ ರಿಜಿಸ್ಟರನ್ನು ಮೇಲೆತ್ತಿ ತೋರಿಸಿದರು. ಕೂಟ ಉಳಿಯಿತು.

ಘಟಪ್ರಭಾದಲ್ಲಿ ಕಾಶೆವ್ವ ಬಸ್ಸು ಹತ್ತಿದಳು. ಆಸ್ಪತ್ರೆಯಲ್ಲಿದ್ದ ತಂಗಿಗೆ ಬುತ್ತಿ ಕೊಟ್ಟು ಹೊರಟಿದ್ದವಳು. ಸೀಟು ಸಿಗಲಿಲ್ಲ. ಬುತ್ತಿಯ ಚೀಲ ಕಂಕುಳಲ್ಲಿ ಇಟ್ಟುಕೊಂಡು, ಜನರ ನಡುವೆ ಕಂಬ ಹಿಡಿದು ನಿಂತು, ಮುಂದೆ ಯಾರ ಗದ್ದಲವೆಂದು ನೋಡಿದಳು. ನೋಡುತ್ತಲೇ ಇದ್ದಳು.

ಕೆಂಪವ್ವ ಅವ್ವನನ್ನು ಕಂಡದ್ದು ಬಸ್ಸು ಊರು ದಾಟಿದ ಮೇಲೆ. ಇಷ್ಟು ಜನರ ಎದುರು ‘ಏ ಕೆಂಪಿ, ಮಂಗ್ಯಾನಂಗ ಯಾಕ ನಿಂತಿ, ಬಾ ಈ ಕಡೆ’ ಎಂದು ಕೂಗಿದರೆ ಮುಗಿಯಿತು. ರಿಜಿಸ್ಟರಿನಲ್ಲಿ ಎಷ್ಟು ಸಹಿ ಇದ್ದರೂ ನಾಳೆ ಅವಳು ಕಾಲೇಜಿನಲ್ಲಿ ಬಾಯಿ ತೆರೆಯುವಂತಿಲ್ಲ. ಮಾತಾಡುತ್ತಿದ್ದ ಹುಡುಗ ಮುಗಿಸಿದ. ಮುಂದೆ ಯಾರು ಎಂದು ಕೇಳುವ ಬದಲು ಅವಳು ಅವ್ವನನ್ನೇ ನೋಡಿದಳು.

ಜನರ ತಲೆಗಳ ಮೇಲೆ ಹಸಿರು ಬಳೆಯ ಒಂದು ಕೈ ಎದ್ದಿತು.

“ನಾನೂ ಒಂದ್ ಮಾತ ಆಡ್ಲೇನ್ರಿ?”

ಅವ್ವ ಕೇಳುತ್ತಿರುವುದು ಯಾರನ್ನೆಂದು ಕೆಂಪವ್ವ ತಿರುಗಿ ಹಿಂದೆ ನೋಡಿದಳು. ಹಿಂದೆ ಡ್ರೈವರನ ಬೆನ್ನು ಮಾತ್ರ ಇತ್ತು. ಅವ್ವ ಗಂಡನಿಗೆ ಹೀಗೆ ಕೇಳಿದ್ದನ್ನು ಅವಳು ಕಂಡಿರಲಿಲ್ಲ, ಊರ ಗೌಡರಿಗೂ ಕೇಳಿದ್ದನ್ನು ಕಂಡಿರಲಿಲ್ಲ. ಕಾಶೆವ್ವ ಕೈ ಇಳಿಸದೆ ಮಗಳ ಮುಖವನ್ನೇ ನೋಡುತ್ತ, ಅಪ್ಪಣೆಗಾಗಿ ಕಾದಳು.

“ಆಡ್ರಿ” ಎಂದಳು ಕೆಂಪವ್ವ. ಎಲ್ಲರಿಗೂ ಕೇಳಿಸಿತು. “ಎರಡ ನಿಮಿಷ.”

ಕಾಶೆವ್ವ ಸೆರಗು ಸರಿ ಮಾಡಿಕೊಂಡು ಶುರುಮಾಡಿದಳು. “ನಮ್ಮ ಕುರಿಗೋಳ ನೀರಿಗಿ ಹ್ವಾದಾಗ ಮೊದಲ ಬಂದ ಹಿಂಡಿಗಿ ಮೊದಲ ನೀರ್ರಿ. ಆದ್ರ ಹಿಂದಿನ ಹಿಂಡಿನ್ಯಾಗ ಮರಿ ಹಾಕಿದ ಕುರಿ ಇದ್ರ, ಮೊದಲ ಬಂದಾವ ತಾನ ಹಿಂದ ಸರೀತಾನ…” ಎರಡು ನಿಮಿಷ ಆಯಿತು, ನಾಲ್ಕಾಯಿತು. ಕರೆಪ್ಪ ಟಿಕೆಟು ಹರಿಯುವುದು ನಿಲ್ಲಿಸಿ ಕೇಳಿದ. ಶಿದ್ರಾಮ ದಸ್ತಿ ಮಡಚಿ ಕಿಸೆಗೆ ಹಾಕಿಕೊಂಡ. ಸಮಯ ನೋಡಬೇಕಾದ ಕಾರ್ಯದರ್ಶಿ ಗಡಿಯಾರದ ಕಡೆ ಕಣ್ಣು ಹಾಯಿಸಲಿಲ್ಲ. ಕಾಶೆವ್ವ ಬಾಗೇವಾಡಿ ಬರುವವರೆಗೆ ಮಾತಾಡಿದಳು.