ತೂದಾ ಅತ್ತಿಗೆಯ ಹುಲ್ಲು

ನನ್ನ ಗಂಡನ ಅಕ್ಕ ತೂದಾ ನಮ್ಮ ಕಣಿವೆಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಮದುವೆ ಬೇಡವೆಂದಳು, ಮರಕೇಶ್ ಪಟ್ಟಣದ ಕೆಲಸವೂ ಬೇಡವೆಂದಳು. ಅವಳಿಗೆ ಬೇಕಾಗಿದ್ದದ್ದು ಒಂದು ಹುಲ್ಲು. ಬೆಟ್ಟದ ಮೇಲೆ ಊರವರೆಲ್ಲ ಸೇರಿ ಕಾಯುವ ಹುಲ್ಲುಗಾವಲು ಅಗ್ದಾಲ್‌ನಲ್ಲಿ, ಒರತೆಯ ಪಕ್ಕ ಮಾತ್ರ ಅದು ಗಿಡ್ಡಗೆ ಬೆಳೆಯುತ್ತದೆ. ಯಾವ ಪುಸ್ತಕದಲ್ಲೂ ಇಲ್ಲದ ಜಾತಿಯೆಂದು ಅವಳ ಹಟ. ಆದರೆ ಎಲೆ ನೋಡಿ ಹಾಗೆಂದರೆ ಯಾರೂ ಒಪ್ಪುವುದಿಲ್ಲ, ತೆನೆ ಬೇಕು. ತೆನೆ ಬಿಡುವ ಕಾಲದಲ್ಲಿ ಅಗ್ದಾಲ್ ಮುಚ್ಚಿರುತ್ತದೆ. ಕುರಿಯಿರಲಿ, ಮನುಷ್ಯರೂ ಕಾಲಿಡುವಂತಿಲ್ಲ. ತೆರೆದ ದಿನ ಮೊದಲು ಮಂದೆಗಳು, ಆಮೇಲೆ ಉಳಿದವರು. ಪ್ರತಿ ಬೇಸಿಗೆಯೂ ಅವಳಿಗೆ ಸಿಗುತ್ತಿದ್ದದ್ದು ಬರೀ ಮೋಟು.

ಕಳೆದ ವರ್ಷ ಅಗ್ದಾಲ್ ಕಾವಲಿನ ಝಾಯಿದ್ ಮಾವನ ಬಳಿ ಹೋದಳು.

"ನಾಲ್ಕೇ ತೆನೆ ಮಾವ, ಕಿತ್ಕೊಂಡು ಬಂದ್ಬಿಡ್ತೀನಿ."

"ನನ್ನ ಮೇಕೆ ಒಳಗೆ ಹೋದ್ರೂ ನಾನು ದಂಡ ಕಟ್ತೀನಿ ಕಣಮ್ಮ."

"ಹಾಗಾದ್ರೆ ತೆರೆಯೋ ದಿನ ಮುಂದಿನ ಸಾಲಲ್ಲಿ ನಿಲ್ತೀನಿ."

"ಅದು ಕುರಿ ಇರೋರ ಸಾಲು. ನಿನ್ ಹತ್ರ ಏನಿದೆ, ಸೀಮೆಸುಣ್ಣಾನಾ?"

ಮುಂದಿನ ಸಂತೆಯಲ್ಲೇ ಅವಳು ಒಂದು ಕುರಿ ಕೊಂಡು ತಂದಳು.

ಅಗ್ದಾಲ್ ತೆರೆಯುವ ಬೆಳಗ್ಗೆ ಗಡಿಯ ಕಲ್ಲುಗಳ ಹಿಂದೆ ಮಂದೆಗಳು ಒತ್ತಿಕೊಂಡು ನಿಂತಿದ್ದವು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಾನೂ ಹೋಗಿದ್ದೆ. ಆ ಗಾಳಿಗೆ ಮಗುವಿಗೆ ಏನಾದರೂ ಆದರೆ ಎಂಬ ಭಯ ಒಂದು ಕಡೆ, ಅತ್ತಿಗೆ ಬಿದ್ದರೆ ಎಂಬುದು ಇನ್ನೊಂದು ಕಡೆ.

"ಬೇಡ ಅತ್ತಿಗೆ, ತುಳಿದುಹಾಕ್ತಾವೆ."

"ನೀನು ಮೊದಲು ಮಗು ಕಿವಿ ಮುಚ್ಚು."

ಪಕ್ಕದ ಮನೆಯ ಇತ್ತೋ ಎಂಬವಳು ನಕ್ಕಳು: "ಅಬ್ಬಾ, ಎಂಥಾ ಮಂದೆ! ಎಣಿಸೋಕೆ ಆಳು ಬೇಕಾ ಟೀಚರಮ್ಮ?"

"ಬೇಡ ಬಿಡು, ಎಲ್ಲಕ್ಕೂ ಹೆಸರಿಟ್ಟಿದೀನಿ."

ಝಾಯಿದ್ ಮಾವ ಕೋಲೆತ್ತಿದ. ಎಲ್ಲರೂ ನುಗ್ಗಿದರು. ಅತ್ತಿಗೆಯ ಕುರಿ ಮಾತ್ರ ಎರಡು ಹೆಜ್ಜೆಯಿಟ್ಟು, ಸಿಕ್ಕಿದ ಹುಲ್ಲಿಗೆ ಬಾಯಿ ಹಾಕಿ ನಿಂತುಬಿಟ್ಟಿತು. ಎಳೆದಳು, ಬೈದಳು, ಕದಲಲಿಲ್ಲ. ಬಿಟ್ಟು ಹೋದರೆ ಸಾಲಿನ ಹಕ್ಕೂ ಹೋಗುತ್ತದೆ. ಕುರಿಯನ್ನೇ ಎತ್ತಿ ಹೆಗಲಿಗೆ ಹಾಕಿಕೊಂಡು ಏರು ಹತ್ತಿ ಓಡಿದಳು.

ನಾನು ಏದುಸಿರು ಬಿಡುತ್ತ ತಲುಪಿದಾಗ ಅವಳು ಒರತೆಯ ಪಕ್ಕ ಮೊಣಕಾಲೂರಿ ಹುಲ್ಲಿನ ಮೇಲೆ ಬಾಗಿದ್ದಳು. ಮಂದೆ ಎರಡಾಗಿ ಸೀಳಿ ಅವಳ ಅಕ್ಕಪಕ್ಕ ಹರಿಯುತ್ತಿತ್ತು. ಅವಳದೇ ಕುರಿ ಅವಳ ತೋಳಿನ ಕೆಳಗಿಂದ ಮೂತಿ ತೂರಿಸುತ್ತಿತ್ತು, ಅವಳು ಮೊಣಕೈಯಿಂದ ತಳ್ಳುತ್ತಿದ್ದಳು.

ಗಲಾಟೆ ದಾಟಿದ ಮೇಲೆ ಭೂತಗನ್ನಡಿ ತೆಗೆದು ತೆನೆ ಬಿಡಿಸಿದಳು. ಇದನ್ನು ಹೋಲುವ ಹುಲ್ಲುಗಳು ಎರಡೇ. ಒಂದಕ್ಕೆ ಕಾಳಿನ ತುದಿಯಲ್ಲಿ ಉದ್ದ ಮೀಸೆ, ಇನ್ನೊಂದಕ್ಕೆ ಕಾಳಿನ ಬುಡದಲ್ಲಿ ರೋಮ. ಇದಕ್ಕೆ ಮೀಸೆಯೂ ಇರಲಿಲ್ಲ, ರೋಮವೂ ಇರಲಿಲ್ಲ.

"ಸಿಕ್ತಾ?" ಝಾಯಿದ್ ಮಾವ ಬಂದು ಕೇಳಿದ.

"ಇದು ಬೇರೇನೇ ಮಾವ," ಎಂದಳು. ಅವಳ ಮೊಣಕಾಲಿನಿಂದ ರಕ್ತ ಸೋರುತ್ತಿತ್ತು. ಒರೆಸಲು ನಾನು ಬಟ್ಟೆ ಕೊಟ್ಟರೆ, ಅದರಲ್ಲಿ ತೆನೆಗಳನ್ನು ಸುತ್ತಿಕೊಂಡಳು.

ಚಳಿಗಾಲದಲ್ಲಿ ವಿಶ್ವವಿದ್ಯಾಲಯದವರೂ ಹೊಸ ಜಾತಿಯೆಂದು ಒಪ್ಪಿದರು. ಈಗ ಆ ಒರತೆಯ ಸುತ್ತ ಕಲ್ಲಿನ ಬೇಲಿ ಬೇಕೆಂದು ಊರಸಭೆಯಲ್ಲಿ ಹಟ ಹಿಡಿದು ಕೂತಿದ್ದಾಳೆ.