ಹೆಜ್ಜೆರಾಯರ ಅಡ್ಡಗೀಟು

ನಮ್ಮ ಭಾವನಿಗೆ ಊರವರು ಇಟ್ಟ ಹೆಸರು ಹೆಜ್ಜೆರಾಯ. ಕೆಲಸ, ನದಿಯ ನೀರುನಾಯಿಗಳ ಲೆಕ್ಕ ಇಡುವುದು. ನೀರುನಾಯಿ ಸುಲಭಕ್ಕೆ ಕಣ್ಣಿಗೆ ಬೀಳುವ ಪ್ರಾಣಿಯಲ್ಲ. ಬೆಳಗಿನ ಒದ್ದೆ ಮರಳಿನಲ್ಲಿ ಹೆಜ್ಜೆ ನೋಡಿ, ಹಿಕ್ಕೆ ಮೂಸಿ, ಎಷ್ಟು ಬಂದು ಹೋದವೆಂದು ವನ್ಯಜೀವಿ ಕಚೇರಿಯ ನಮೂನೆಯಲ್ಲಿ ಬರೆಯಬೇಕು. ಭಾವನ ಮೂಗೋ! ನಿನ್ನೆ ನೀರುನಾಯಿ ತಿಂದ ಮೀನು ಯಾವುದು, ಆ ಮೀನಿನ ತವರು ಯಾವ ಮಡು, ಅದರ ಅತ್ತೆ ಜಗಳಗಂಟಿಯೋ ಅಲ್ಲವೋ ಎಂಬುದನ್ನೂ ಹೇಳಿಬಿಡುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದು ಬೆಳಗೂ ತಪ್ಪಿಸಿದವರಲ್ಲ. ಜ್ವರ ಬಂದರೆ ಅದನ್ನೂ ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು.

"ನಾನೂ ಮರಳಲ್ಲಿ ಓಡಾಡಿದ್ರೆ ಚೆನ್ನಾಗಿತ್ತು. ಎಲ್ಲಿ ಹೋದೆ, ಬಂದೆ ಅಂತ ಒಂದಿನನಾದ್ರೂ ನೋಡ್ತಿದ್ರಿ" ಎಂದು ಅಕ್ಕ ಚುಚ್ಚುವಳು.

"ನಿನ್ನ ಹೆಜ್ಜೆ ಯಾಕೆ ನೋಡ್ಬೇಕೇ? ನಿನ್ನ ದನಿಯೇ ಆ ದಡದವರೆಗೂ ಕೇಳತ್ತೆ."

ಮೇಲಿನ ತಿರುವಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಶುರುವಾಯಿತು. ನದಿ ಒಂದು ದಿನ ಕೆಂಪು, ಮರುದಿನ ನೀಲಿ. ಯಾವ ಬಣ್ಣದ ಸೀರೆ ಉಡಬೇಕೆಂದು ತಿಳಿಯದೆ ಮೀನುಗಳು ಸತ್ತವು ಎಂದು ನಾನು ನಕ್ಕೆ. ಭಾವ ನಗಲಿಲ್ಲ. ಹಿಂಡು ಕರಗಿ ಉಳಿದದ್ದು, ಮುಂಗಾಲಿನ ಬೆರಳು ತುಂಡಾದ ಕುಂಟಿ ಮತ್ತು ಅವಳ ಎರಡು ಮರಿ. ದಿನದ ಲೆಕ್ಕದ ಸರಾಸರಿ ಎರಡಕ್ಕಿಂತ ಕೆಳಗಿಳಿದರೆ ನೀರು ಪರೀಕ್ಷಿಸಿ ಕಾರ್ಖಾನೆಯ ಕೊಳವೆ ಮುಚ್ಚಿಸುವ ಅಧಿಕಾರ ಕಚೇರಿಗಿತ್ತು. ಆ ಮೂರು ಜೀವ ಉಳಿಯಲು ಇದ್ದ ದಾರಿ ಅದೊಂದೇ.

ಏನೂ ಕಾಣದ ಬೆಳಗು ಭಾವ ನಮೂನೆಯಲ್ಲಿ ಅಡ್ಡಗೀಟು ಎಳೆಯುತ್ತಿದ್ದರು. ಕೆಲಸ ಕಲಿಸಿದ ಹಳೆಯ ಗಾರ್ಡು ಹೇಳಿದ್ದನಂತೆ: "ಸೊನ್ನೆ ಹಾಕ್ಬೇಡ. ಯಾವನಾದ್ರೂ ಕಳ್ಳ ಎಡಗಡೆ ಒಂದು ಗೀಚಿ ಹತ್ತು ಮಾಡ್ಬಿಡ್ತಾನೆ. ಗೀಟು ಎಳಿ, ಯಾರಪ್ಪನಿಂದಲೂ ತಿದ್ದಕ್ಕಾಗಲ್ಲ."

ನಾಲ್ಕು ತಿಂಗಳು ಹೆಚ್ಚುಕಡಿಮೆ ಗೀಟುಗಳೇ ಗೀಟುಗಳು. ಕಚೇರಿಯಿಂದ ಒಂದು ನೊಣವೂ ಬರಲಿಲ್ಲ. ಕೊನೆಗೆ ಭಾವ ನನ್ನನ್ನೂ ಕರೆದುಕೊಂಡು ತಾವೇ ಹೋದರು. ಲೆಕ್ಕ ನೋಡುವ ಮೇಡಂ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು.

"ನಿಮ್ಮ ನದಿ ಚೆನ್ನಾಗೇ ಇದೆಯಲ್ಲ ಯಜಮಾನ್ರೇ. ಸರಾಸರಿ ಮೂರು! ನೀವೇ ಈಚೆಗೆ ಹೋಗ್ತಿಲ್ಲ."

"ಯಾರು? ನಾನಾ?"

"ನೋಡಿ, ಬರೀ ಗೀಟು. ಗೀಟು ಅಂದ್ರೆ ಆ ದಿನ ಹೋಗಿಲ್ಲ ಅಂತ. ಹೋಗಿ ಸಿಗದಿದ್ರೆ ಸೊನ್ನೆ ಹಾಕ್ಬೇಕು. ಗೀಟನ್ನ ಕಂಪ್ಯೂಟರ್ ಲೆಕ್ಕಕ್ಕೇ ತಗೊಳ್ಳಲ್ಲ."

ಆ ನಾಲ್ಕು ತಿಂಗಳಲ್ಲಿ ಕುಂಟಿ ಮರಿಗಳೊಂದಿಗೆ ಬಂದದ್ದು ಒಂಬತ್ತೇ ಬೆಳಗು. ಆ ಒಂಬತ್ತೂ ಬೆಳಗು ಮೂರು. ಉಳಿದ ನೂರಹನ್ನೊಂದು ಬೆಳಗನ್ನು ಕಂಪ್ಯೂಟರು ನುಂಗಿ ನೀರು ಕುಡಿದಿತ್ತು. ಭಾವ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಗೀಟೆಳೆದ ದಿನವೂ ಇವರು ಹೋಗಿದ್ದರೆಂದು ಅವರ ಮುಖ ನೋಡಿದ ಮೇಡಂಗೆ ಅರ್ಥವಾಯಿತು. ಊಟಕ್ಕೂ ಏಳದೆ ನೂರಹನ್ನೊಂದು ಸೊನ್ನೆ ಒತ್ತಿದರು. ಸರಾಸರಿ ಒಂದಕ್ಕಿಂತ ಕೆಳಗೆ ಬಿತ್ತು. ಅಂದೇ ಪತ್ರ ಹೋಯಿತು.

ನೀರು ಪರೀಕ್ಷೆಗೆ ಬಾಟಲಿ ಹಿಡಿದ ಜನ ಬಂದದ್ದು ಹನ್ನೆರಡನೆಯ ದಿನ. ಅಂದು ಬೆಳಗ್ಗೆ ಮರಳಿನಲ್ಲಿ ಹೆಜ್ಜೆ ಇರಲಿಲ್ಲ, ಏನನ್ನೋ ಎಳೆದ ಗುರುತಿತ್ತು. ಅದರ ತುದಿಯಲ್ಲಿ ಕುಂಟಿ, ಹೊಟ್ಟೆಯ ಕೂದಲೆಲ್ಲ ನೀಲಿ. ಮರಿಗಳು ಸಿಗಲೇ ಇಲ್ಲ. ಭಾವ ಬಗ್ಗಿ ಮೂಸಿದರು. ಯಾವ ಮೀನೆಂದು ನಾನು ಕೇಳಲಿಲ್ಲ.

"ಹೊಟ್ಟೇಲಿ ಏನೂ ಇಲ್ಲ" ಎಂದಷ್ಟೇ ಹೇಳಿದರು.

ಕೊಳವೆ ಮುಚ್ಚಿದರು. ನೀರು ಈಗ ಎಷ್ಟು ತಿಳಿಯೆಂದರೆ ತಳದ ಕಲ್ಲುಗಳು ಒಂದನ್ನೊಂದು ನೋಡಿ ನಾಚಿಕೊಳ್ಳುತ್ತವೆ. ಭಾವ ದಿನವೂ ಹೋಗುತ್ತಾರೆ. ಬಂದು ಮೆಟ್ಟಿಲ ಮೇಲೆ ಕೂತು ಒಂದು ದುಂಡನೆಯ ಸೊನ್ನೆ ಬರೆಯುತ್ತಾರೆ. ಎಡಗಡೆ ಬೇಕೆಂದೇ ಜಾಗ ಬಿಟ್ಟಿರುತ್ತಾರೆ.

ಅಕ್ಕ ಈಗ ಚುಚ್ಚುವುದಿಲ್ಲ. ಮೊನ್ನೆ ಕಾಫಿ ಕೊಡುತ್ತ, "ಇವತ್ತು?" ಎಂದಳು.

"ಆ ಕಳ್ಳ ಇವತ್ತೂ ಬರಲಿಲ್ಲ ಕಣೇ" ಎಂದರು ಭಾವ.