ಗಾಜಿನ ಹೆಂಚಿನ ಬಿಸಿಲು, ಅಜ್ಜಿಯ ಅವರೆ

ಆ ದಿನಗಳಲ್ಲಿ ಸಿಂಗಟಗೆರೆಯ ನಮ್ಮ ನಡುಮನೆಗೆ ಬಿಸಿಲು ಬರಲು ಇದ್ದದ್ದು ಒಂದೇ ದಾರಿ, ಸೂರಿನ ಹೆಂಚುಗಳ ನಡುವೆ ಕೂರಿಸಿದ್ದ ಒಂದು ಗಾಜಿನ ಹೆಂಚು. ಅದರಿಂದ ಇಳಿದ ಬಿಸಿಲು ನೆಲದ ಮೇಲೆ ಸ್ಲೇಟಿನಷ್ಟಗಲ ಬೀಳುತ್ತಿತ್ತು. ಬೆಳಿಗ್ಗೆ ಪಡುವಣ ಗೋಡೆಯ ಬುಡದಲ್ಲಿ, ಮಧ್ಯಾಹ್ನ ಒರಳುಕಲ್ಲಿನ ಪಕ್ಕ, ಶಾಲೆ ಬಿಡುವ ಹೊತ್ತಿಗೆ ಮುಂಬಾಗಿಲ ಹೊಸಿಲ ಹತ್ತಿರ. ಅಂಥ ಬಿಸಿಲಿನಲ್ಲಿ ಧೂಳು ಕುಣಿಯುವುದನ್ನು ನೀವೂ ನೋಡಿರುತ್ತೀರಿ. ನಾನಾದರೋ ಅದರ ಹಿಂದೆ ದಿನಗಟ್ಟಲೆ ಓಡಿದವಳು.

ಅಜ್ಜಿಯ ಹತ್ತಿರ ಒಂದು ಚಪ್ಪರದವರೆಯ ತಳಿ ಇತ್ತು. ಕಪ್ಪು ಬೀಜ, ಅದರ ಮೇಲೆ ಬೆಳ್ಳನೆಯ ಹುಬ್ಬು. ಅದರ ಎಳೆಕಾಯಿಯ ಪಲ್ಯ ಮಾಡಿದ ದಿನ ಸೊಗಡಿನ ವಾಸನೆಗೆ ಯಾರೂ ಕರೆಯುವ ಮೊದಲೇ ನಾವು ಊಟಕ್ಕೆ ಕೂರುತ್ತಿದ್ದೆವು. ಆ ವರ್ಷ ಬೂದಿ ಬೆರೆಸಿಟ್ಟಿದ್ದರೂ ಬೀಜದ ಮಡಕೆಗೆ ಹುಳ ಬಿದ್ದುಬಿಟ್ಟಿತು. ಅಜ್ಜಿ ಮೊರದಲ್ಲಿ ಹರಡಿ ಇಡೀ ಬೆಳಿಗ್ಗೆ ಆರಿಸಿದಳು. ತೂತಿಲ್ಲದ ಬೀಜ ಸಿಕ್ಕಿದ್ದು ಎರಡೇ ಎರಡು.

"ನಮ್ಮವ್ವ ಕೊಟ್ಟ ಬೀಜ ಕಣ್ರೋ. ಇವೆರಡು ಹೋದ್ರೆ ಮುಗೀತು," ಎಂದು ಅಣ್ಣ ಶಿವುಗೊಂದು, ನನಗೊಂದು ಕೊಟ್ಟಳು. ಅಜ್ಜಂಪುರದಲ್ಲಿದ್ದ ಅತ್ತೆಯ ಬಾಣಂತನಕ್ಕೆ ಮಾರನೆಯ ದಿನವೇ ಹೊರಟುಹೋದಳು.

ಅಣ್ಣ ತನ್ನದನ್ನು ಹಿತ್ತಲಲ್ಲಿ ಊರಿದ. ನನಗೆ ಕೋಳಿಗಳ ಮೇಲೆ ನಂಬಿಕೆಯಿರಲಿಲ್ಲ. ತೂತು ಹೊಡೆದ ಎಣ್ಣೆ ಡಬ್ಬಕ್ಕೆ ಮಣ್ಣು ತುಂಬಿ, ಬೀಜ ಹಾಕಿ, ನಡುಮನೆಯ ಮೂಲೆಯಲ್ಲಿಟ್ಟೆ. ಹೊರಗೆ ಬಿಟ್ಟರೆ ಯಾರಾದರೂ ತಿಂದಾರು ಎಂದು ಅಲ್ಲಾಡಿಸಲೇ ಇಲ್ಲ.

ಅಬ್ಬಾ, ಅದು ಬೆಳೆದ ವೇಗವೇ! ಅಣ್ಣನದು ಒಂದು ಗೇಣಾಗುವಷ್ಟರಲ್ಲಿ ನನ್ನದು ಮೂರು ಗೇಣು. ದಿನಾ ಶಾಲೆಯಿಂದ ಬಂದು ಚೀಲ ಬಿಸಾಕಿ ಮೊದಲು ಗೇಣು ಹಾಕುತ್ತಿದ್ದೆ.

"ಅಣ್ಣ, ನಿಂದು ಇನ್ನೂ ಮೊಣಕಾಲುದ್ದಾನೂ ಇಲ್ವಲ್ಲೋ," ಎಂದು ಕೆಣಕುತ್ತಿದ್ದೆ.

"ನಿಂದು ಹಲ್ಲಿ ಬಾಲ ಇದ್ದಂಗದೆ ಹೋಗೇ," ಎನ್ನುತ್ತಿದ್ದ. ಹೊಟ್ಟೆಕಿಚ್ಚು ಎಂದುಕೊಂಡು ನಾನು ಇನ್ನಷ್ಟು ಉಬ್ಬುತ್ತಿದ್ದೆ.

ಒಂದು ದಿನ ಪಕ್ಕದ ಮನೆಯ ಮೇಕೆ ಹಿತ್ತಲಿಗೆ ನುಗ್ಗಿ ಅಣ್ಣನ ಬಳ್ಳಿಯನ್ನು ಬುಡಸಮೇತ ಮುಗಿಸಿತು. ಅವನು ಬಾವಿಕಟ್ಟೆಯ ಮೇಲೆ ಕೂತು ಅತ್ತ. ನನಗೆ, ಸುಳ್ಳೇಕೆ, ಒಳಗೊಳಗೇ ಖುಷಿಯಾಯಿತು.

ಅದೇ ಮಧ್ಯಾಹ್ನ ಅಜ್ಜಿ ಬಸ್ಸಿಳಿದು ಬಂದಳು. ಕೈಕಾಲು ತೊಳೆಯುವುದಕ್ಕೂ ಬಿಡದೆ ಅವಳನ್ನು ಎಳೆದುಕೊಂಡು ಹೋಗಿ ಡಬ್ಬ ತೋರಿಸಿದೆ. ಅವಳು ಕುಕ್ಕರಗಾಲಲ್ಲಿ ಕೂತು, ದಾರದಂಥ ಬೆಳ್ಳನೆಯ ಕಾಂಡವನ್ನು ಬೆರಳ ಮೇಲೆ ಎತ್ತಿಕೊಂಡಳು.

"ಇದು ಬೆಳೆದಿರೋದಲ್ಲ ಕಣೇ. ಬೆಳಕು ಎಲ್ಲದೆ ಅಂತ ಹುಡುಕ್ತಾ ಓಡ್ತಿರೋದು. ಇನ್ನೊಂದು ವಾರ ಹಿಂಗೇ ಬಿಟ್ಟಿದ್ರೆ ಸತ್ತೋಗ್ತಿತ್ತು."

ನನ್ನ ಜಂಬ ಜರ್ರನೆ ಇಳಿದುಹೋಯಿತು. ಇರುವುದು ಇದೊಂದೇ ಬಳ್ಳಿ ಎಂಬುದು ಆಗ ತಲೆಗೆ ಹೊಳೆಯಿತು. ಡಬ್ಬ ಎತ್ತಿಕೊಂಡು ಅಂಗಳದ ಉರಿಬಿಸಿಲಿಗೆ ಓಡಿದೆ.

"ತಡಿಯೇ," ಎಂದು ಅಜ್ಜಿ ಹಿಂದಿನಿಂದ ಕೂಗಿದಳು. "ಒಂದೇ ಸಲಕ್ಕೆ ಬಿಸಿಲಿಗಿಟ್ರೆ ಎಲೆ ಸುಟ್ಟೋಗ್ತದೆ. ಎಳೆಮಗೂನ ಹೊರಗೆ ತರ್ತೀವಲ್ಲ, ಹಂಗೆ ತರ್ಬೇಕು. ಮೊದ್ಲು ಗಾಜಿನ ಹೆಂಚಿನ ಬಿಸಿಲು, ಆಮೇಲೆ ಜಗಲಿ, ಆಮೇಲೆ ಅಂಗಳ."

ಅಲ್ಲಿಂದ ಶುರುವಾಯಿತು ನಮ್ಮ ಓಟ. ಸ್ಲೇಟಿನಷ್ಟಗಲದ ಬಿಸಿಲು ಒಂದು ಕಡೆ ನಿಂತರೆ ತಾನೆ? ಅಣ್ಣ ಅಳು ಮರೆತು ನನ್ನ ಪಕ್ಷ ಸೇರಿದ. ಶಾಲೆಯಿಂದ ಕದ್ದ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದ: ಪ್ರಾರ್ಥನೆಯ ಹೊತ್ತಿಗೆ ಇಲ್ಲಿ, ಬೆಳಗಿನ ಬಿಡುವಿನ ಸಣ್ಣ ಗಂಟೆಗೆ ಇಲ್ಲಿ, ಊಟದ ಗಂಟೆಗೆ ಇಲ್ಲಿ. ಸಣ್ಣ ಗಂಟೆಗೆ ನಾನು ಓಡಬೇಕು, ಊಟದ ಗಂಟೆಗೆ ಅವನು. ಲಂಗ ಎತ್ತಿ ಸಿಕ್ಕಿಸಿಕೊಂಡು, ಮಠದ ಕಾಂಪೌಂಡು ಸುತ್ತಿ, ಮನೆಗೆ ನುಗ್ಗಿ, ಡಬ್ಬವನ್ನು ಮುಂದಿನ ಗೆರೆಗೆ ತಳ್ಳಿ, ಗಂಟೆ ಬಾರಿಸುವಷ್ಟರಲ್ಲಿ ವಾಪಸ್. ಒಂದು ದಿನ ಮೇಷ್ಟ್ರು ಗೇಟಿನಲ್ಲೇ ಹಿಡಿದರು.

"ಎಲ್ಲಿಗೇ ಓಡ್ತಿದೀಯ?"

"ಅವರೆ ಬಳ್ಳೀನ ಬಿಸಿಲಿಗೆ ಸರಿಸಕ್ಕೆ, ಸಾ."

ಸುತ್ತ ಆಡುತ್ತಿದ್ದ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ನಗಲಿಲ್ಲ. "ಬೇಗ ಬಾ," ಎಂದರು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ ತುದಿಯಲ್ಲಿ ಹೊಸ ಎಲೆಯೊಂದು ಬಿಚ್ಚಿತು. ಹಸಿರು, ಅಪ್ಪಟ ಹಸಿರು. ನಾನೂ ಅಣ್ಣನೂ ಕೈ ಹಿಡಿದುಕೊಂಡು ನಡುಮನೆಯಲ್ಲಿ ಕುಣಿದು ಒರಳುಕಲ್ಲಿಗೆ ಎಡವಿ ಬಿದ್ದೆವು. ಜಗಲಿಯಲ್ಲಿ ಕೆಲವು ದಿನ, ಅಂಗಳದ ಎಳೆಬಿಸಿಲಿನಲ್ಲಿ ಕೆಲವು ದಿನ ಇಟ್ಟು, ಕೊನೆಗೆ ಹಿತ್ತಲ ಮಣ್ಣಿಗೆ ಇಳಿಸಿ ಸುತ್ತ ಮುಳ್ಳಿನ ಬೇಲಿ ಹಾಕಿದೆವು. ಬಳ್ಳಿ ಚಪ್ಪರ ತುಂಬಿತು, ಹೂವಿನ ಸುಳಿವಿಲ್ಲ. ನಾನು ಚಡಪಡಿಸಿದರೆ ಅಜ್ಜಿ, "ಹಗಲು ಗಿಡ್ಡ ಆಗ್ಲಿ ಮಗಾ, ಅದಕ್ಕೆ ಕತ್ತಲೂ ಬೇಕು," ಎನ್ನುತ್ತಿದ್ದಳು. ಮಾಗಿಯ ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಚಪ್ಪರವೆಲ್ಲ ನೇರಳೆ ಹೂ.

ಆ ವರ್ಷ ಒಂದು ಕಾಯನ್ನೂ ಪಲ್ಯಕ್ಕೆ ಕೊಡಲಿಲ್ಲ ಅಜ್ಜಿ. ಎಲ್ಲ ಒಣಗಿಸಿ, ಬಿಡಿಸಿ, ಅಣ್ಣನಿಗೊಂದು ಮಡಕೆ, ನನಗೊಂದು ಮಡಕೆ ಮಾಡಿದಳು. "ಒಬ್ಬರದು ಹೋದ್ರೆ ಇನ್ನೊಬ್ಬರತ್ರ ಇರ್ಲಿ," ಎಂದಳು.

ಈಗ ನಾನು ಕಡೂರಿನಲ್ಲಿದ್ದೇನೆ. ಹೋದ ತಿಂಗಳು ಅಣ್ಣ ಊರಿನ ಮನೆಯ ಹೆಂಚು ಇಳಿಸಿ ಆರ್‌ಸಿಸಿ ಹಾಕಿಸಿದ. ಆ ಗಾಜಿನ ಹೆಂಚನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನನಗೆಂದು ತಂದ. ಅದನ್ನು ನೋಡಿದ್ದೇ ತಡ, ನನಗೆ ಮತ್ತೆ ಹತ್ತು ವರ್ಷದವಳ ಹುರುಪು.

"ಅಣ್ಣ, ಬಾಲ್ಕನೀಲಿ ಡಬ್ಬ ಇಡಣ. ಬೀಜ ತಂದಿದೀಯಾ?"

ಅವನು ನನ್ನ ಮುಖ ನೋಡಿದ. "ಬೀಜ ನಿನ್ನತ್ರ ಅದೆ ಅಂದ್ಕಂಡಿದ್ನಲ್ಲೇ."

"ನಾನು ನಿನ್ನತ್ರ ಅದೆ ಅಂದ್ಕಂಡಿದ್ದೆ."

ಕೊನೆಯ ಸಲ ಯಾರು ಬಿತ್ತಿದೆವು, ಯಾವ ವರ್ಷ ತಪ್ಪಿಹೋಯಿತು, ಇಬ್ಬರಿಗೂ ನೆನಪಿಲ್ಲ. ಹೆಂಚನ್ನು ಒರೆಸಿ ಕಿಟಕಿಗೆ ಒರಗಿಸಿದೆವು. ಅದರ ಮೂಲಕ ನೆಲದ ಮೇಲೆ ಸ್ಲೇಟಿನಷ್ಟಗಲ ಬಿಸಿಲು ಬಿತ್ತು. ಅದರಲ್ಲಿ ತಂದು ಇಡಲು ನಮ್ಮಿಬ್ಬರ ಹತ್ತಿರವೂ ಏನೂ ಇರಲಿಲ್ಲ.